ಒಬ್ಬನೇ ಕೇಳುವ ಹಾಡು

ವಯಸ್ಸಾದ ಮೇಲೆ ಮನುಷ್ಯನಿಗೆ ಹೊಸ ಹುಚ್ಚುಗಳು ಹಿಡಿಯಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಿಡಿದರೂ ಅದು ತೀರ್ಥಯಾತ್ರೆಯ ಹುಚ್ಚೋ ಹೂದೋಟದ ಹುಚ್ಚೋ ಆಗಿದ್ದರೆ ಮನೆಯವರು ಹೇಗೋ ಸಹಿಸಿಕೊಳ್ಳುತ್ತಾರೆ. ನನಗೆ ಹಿಡಿದದ್ದು ಹೆಡ್‌ಫೋನಿನ ಹುಚ್ಚು. ಧಾರವಾಡದಲ್ಲಿ ಮೂವತ್ತು ವರ್ಷ ಭೌತಶಾಸ್ತ್ರದ ಪಾಠ ಹೇಳಿ ನಿವೃತ್ತನಾಗಿ, ಇನ್ನು ಮೇಲೆ ಹಾಡು ಕೇಳುತ್ತ ಸುಖವಾಗಿ ಕಾಲ ಕಳೆಯಬೇಕೆಂದು ಕುಳಿತಿದ್ದವನಿಗೆ, ಅಮೆರಿಕದಲ್ಲಿರುವ ಮಗನು ಊರಿಗೆ ಬಂದಾಗ ಒಂದು ಹೆಡ್‌ಫೋನನ್ನು ತಂದುಕೊಟ್ಟನು. ಅಲ್ಲಿಂದ ಮೊದಲಾಯಿತು. ಇಂದು ನನ್ನ ಕಪಾಟಿನಲ್ಲಿ ಅಂಥವು ಮೂರು ಇವೆ. ಮೂರರ ಬೆಲೆಯನ್ನೂ ಕೂಡಿಸಿ ಇಲ್ಲಿ ಬರೆದೆನಾದರೆ ನನ್ನ ಹೆಂಡತಿಯು ಈ ಲೇಖನವನ್ನು ಮುಂದೆ ಓದಲಾರಳು. ಆದುದರಿಂದ ಆ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ಮೂರನೆಯದು ಮನೆಗೆ ಬಂದ ದಿವಸ ಆಕೆ ಕೇಳಿದಳು: "ಇರೋದು ಒಂದ ತಲಿ, ಎರಡ ಕಿವಿ. ಮೂರ್ಯಾಕ ಬೇಕ್ರೀ?"

ಪ್ರಶ್ನೆಯು ನ್ಯಾಯವಾದದ್ದೇ. ನಾನು ಆಕೆಗೆ ಇಳಕಲ್ ಸೀರೆಯ ದೃಷ್ಟಾಂತವನ್ನು ಕೊಟ್ಟೆನು. ಸೀರೆಯನ್ನು ಕೊಳ್ಳಲು ಹೋದವರು ಅಂಗಡಿಯ ದೀಪದ ಕೆಳಗೆ ಅದನ್ನು ಒಮ್ಮೆ ನೋಡುತ್ತಾರೆ. ಬಳಿಕ ಬಾಗಿಲ ಬಳಿಗೆ ಒಯ್ದು ಬಿಸಿಲಿನಲ್ಲಿ ಇನ್ನೊಮ್ಮೆ ನೋಡುತ್ತಾರೆ. ಮನೆಗೆ ತಂದು ಕಂದೀಲಿನ ಬೆಳಕೋ ಬಲ್ಬಿನ ಬೆಳಕೋ ಇದ್ದಲ್ಲಿ ಮತ್ತೊಮ್ಮೆ ಬಿಡಿಸಿ ನೋಡುತ್ತಾರೆ. ಸೀರೆ ಒಂದೇ, ಬಣ್ಣ ಮಾತ್ರ ಮೂರು ಬಗೆ. ಹಾಡಿನ ಮಾತೂ ಹಾಗೆಯೇ ಎಂದೆನು. "ಸೀರಿ ನಾ ಒಂದ ತೊಗೊತೀನಿ, ಮೂರು ಬೆಳಕು ಕೊಳ್ಳೂದಿಲ್ಲ" ಎಂದು ಆಕೆ ಒಳಗೆ ಹೋದಳು. ತರ್ಕದಲ್ಲಿ ಆಕೆಯನ್ನು ಗೆದ್ದ ದಿವಸ ನನ್ನ ಬಾಳಿನಲ್ಲಿ ಇನ್ನೂ ಬಂದಿಲ್ಲ.

ಆದರೂ ದೃಷ್ಟಾಂತವು ಸುಳ್ಳಲ್ಲ. ಈ ಯಂತ್ರಗಳ ಒಳಗುಟ್ಟು ಬಹಳ ದೊಡ್ಡದೂ ಅಲ್ಲ. ಸಾಮಾನ್ಯವಾದ ಹೆಡ್‌ಫೋನಿನಲ್ಲಿ ಒಂದು ಅಯಸ್ಕಾಂತ, ಅದರ ಎಡೆಯಲ್ಲಿ ತಂತಿಯ ಒಂದು ಸಣ್ಣ ಸುರುಳಿ, ಸುರುಳಿಗೆ ಅಂಟಿದ ತೆಳುವಾದ ಒಂದು ಪೊರೆ, ಇಷ್ಟೇ ಇರುವುದು. ವಿದ್ಯುತ್ತು ಸುರುಳಿಯಲ್ಲಿ ಹರಿದಂತೆಲ್ಲ ಪೊರೆಯು ಹಿಂದಕ್ಕೂ ಮುಂದಕ್ಕೂ ಅಲುಗುತ್ತದೆ. ಅದರ ಎದುರಿನ ಗಾಳಿಯು ಅಲುಗುತ್ತದೆ. ನಮಗೆ ಹಾಡು ಕೇಳಿಸುತ್ತದೆ. ಎರಡನೆಯ ಜಾತಿಯದರಲ್ಲಿ ಇಂಥ ಸುರುಳಿಯಿಲ್ಲ. ಅಗಲವಾದ ತೆಳು ಹಾಳೆಯ ಮೇಲೆಯೇ ಲೋಹದ ಗೆರೆಗಳನ್ನು ಎಳೆದು, ಆ ಹಾಳೆಯನ್ನು ಸಾಲು ಅಯಸ್ಕಾಂತಗಳ ಎದುರಿಗೆ ಬಿಗಿದಿರುತ್ತಾರೆ. ಹಾಳೆಯು ಇಡಿಯಾಗಿ ಅಲುಗುತ್ತದೆ. ಇದಕ್ಕೆ ಪ್ಲೇನರ್ ಮ್ಯಾಗ್ನೆಟಿಕ್ ಎಂದು ಹೆಸರು. ಮೂರನೆಯದು ಸ್ಥಿರವಿದ್ಯುತ್ತಿನದು. ತೂತು ತೂತಾದ ಎರಡು ಫಲಕಗಳ ನಡುವೆ ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ಪೊರೆಯನ್ನು ಬಿಗಿದು, ಅದರ ಮೇಲೆ ನೂರಾರು ವೋಲ್ಟುಗಳ ವಿದ್ಯುತ್ತನ್ನು ನಿಲ್ಲಿಸಿರುತ್ತಾರೆ. ಜಪಾನಿನ ಸ್ಟ್ಯಾಕ್ಸ್ ಸಂಸ್ಥೆಯವರು ಈ ಬಗೆಯದನ್ನು 1960ರಲ್ಲಿಯೇ ಮಾರಾಟಕ್ಕೆ ತಂದರು. ಅದು ನನ್ನ ಕಪಾಟಿನಲ್ಲಿ ಇಲ್ಲ. ಬೆಂಗಳೂರಿನ ಮಿತ್ರರೊಬ್ಬರ ಮನೆಯಲ್ಲಿ ಇದೆ. ಅವರ ಮನೆಗೆ ನಾನು ಹೆಚ್ಚಾಗಿ ಹೋಗಬಾರದೆಂದು ನಮ್ಮ ಮನೆಯಲ್ಲಿ ತೀರ್ಮಾನವಾಗಿದೆ.

ಇನ್ನೊಂದು ಭೇದವುಂಟು, ನನ್ನ ಕಥೆಗೆ ಅದೇ ಮುಖ್ಯ. ಕೆಲವು ಹೆಡ್‌ಫೋನುಗಳ ಬೆನ್ನು ಮುಚ್ಚಿರುತ್ತದೆ. ಒಳಗಿನ ಹಾಡು ಹೊರಗೆ ಹೋಗುವುದಿಲ್ಲ. ಹೊರಗಿನ ಸದ್ದು ಒಳಗೆ ಬರುವುದು ಕಡಿಮೆ. ಕೆಲವುಗಳ ಬೆನ್ನು ಜಾಲರಿಯಂತೆ ತೆರೆದಿರುತ್ತದೆ. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯವರು ಹಳದಿ ಬಣ್ಣದ ಸ್ಪಂಜಿನ ಮೆತ್ತೆಗಳುಳ್ಳ ತೆರೆದ ಹೆಡ್‌ಫೋನನ್ನು ತಂದಾಗ ಜನರು ಬಹಳವಾಗಿ ಮೆಚ್ಚಿಕೊಂಡರು. ತೆರೆದದ್ದರಲ್ಲಿ ಹಾಡು ಪೆಟ್ಟಿಗೆಯೊಳಗೆ ಸಿಕ್ಕಿದಂತೆ ಕೇಳಿಸದೆ ಬಯಲಿನಲ್ಲಿ ನಿಂತಂತೆ ಕೇಳಿಸುತ್ತದೆ. ಆದರೆ ಪಕ್ಕದಲ್ಲಿ ಮಲಗಿದವರಿಗೂ ಅದು ಸಣ್ಣಗೆ ಕೇಳಿಸುತ್ತದೆ. ಮಗನು ಕೊಟ್ಟದ್ದು ಮುಚ್ಚಿದ್ದು. ನಾನಾಗಿ ಕೊಂಡ ಎರಡೂ ತೆರೆದವು: ಒಂದು ಅದೇ ಸೆನ್‌ಹೈಸರಿನವರು 1997ರಲ್ಲಿ ಹೊರತಂದ ಎಚ್‌ಡಿ 600, ಇನ್ನೊಂದು ಪ್ಲೇನರ್. ಎಚ್‌ಡಿ 600ರ ಸುರುಳಿಗೆ 300 ಓಮ್‌ಗಳ ತಡೆಯುಂಟು; ಕೈಫೋನಿಗೆ ಸಿಕ್ಕಿಸಿದರೆ ಅದು ಸೋತ ದನಿಯಲ್ಲಿ ಮಾತನಾಡುತ್ತದೆ. ಹೀಗಾಗಿ ಒಂದು ಆಂಪ್ಲಿಫೈಯರನ್ನೂ ತರಬೇಕಾಯಿತು. ಹಸುವನ್ನು ಕೊಂಡವನು ಹಗ್ಗವನ್ನೂ ಕೊಳ್ಳಬೇಕಲ್ಲವೆ?

ಇನ್ನು ಕೇಳುವ ಸುಖದ ಮಾತು. ನನ್ನ ಮಗನಿಗೆ ಮೈಲ್ಸ್ ಡೇವಿಸ್ ಎಂಬ ಟ್ರಂಪೆಟ್ ವಾದಕನ ಮೇಲೆ ಬಹಳ ಪ್ರೀತಿ. ಆತನು 1959ರಲ್ಲಿ ನ್ಯೂಯಾರ್ಕಿನಲ್ಲಿ ನುಡಿಸಿದ 'ಕೈಂಡ್ ಆಫ್ ಬ್ಲೂ' ಎಂಬ ಆಲ್ಬಮನ್ನು ಮಗನೇ ನನಗೆ ಮೊದಲು ಕೇಳಿಸಿದನು. ಅದನ್ನು ಮುದ್ರಿಸಿದ ಕೋಣೆಯು ಹಿಂದೆ ಚರ್ಚು ಆಗಿದ್ದ ಕಟ್ಟಡ. ಹಜಾರದ ಸ್ಪೀಕರುಗಳಲ್ಲಿ ಅದು ನನಗೆ ಒಂದು ಗದ್ದಲವಾಗಿ ತೋರಿದ್ದಿತು. ಪ್ಲೇನರನ್ನು ಧರಿಸಿ ಕೇಳಿದಾಗ ಗದ್ದಲವು ಬಿಡಿಬಿಡಿಯಾಯಿತು. ಎಡಗಡೆ ಒಂದು ಸ್ಯಾಕ್ಸೊಫೋನು, ಬಲಗಡೆ ಇನ್ನೊಂದು, ನಡುವೆ ಟ್ರಂಪೆಟ್ಟು. ಕೆಳಗೆ, ನೆಲಮಾಳಿಗೆಯಲ್ಲಿ ಯಾರೋ ನಡೆದಾಡಿದಂತೆ, ದಪ್ಪ ತಂತಿಯ ಬಾಸು. ಆಗ ಅದು ನನ್ನ ಪ್ರೀತಿಯ ಆಲ್ಬಮುಗಳಲ್ಲಿ ಸೇರಿಕೊಂಡಿತು. ಅದರ ಸಂಬಂಧದಲ್ಲಿ ಮಗನು ಹೇಳಿದ ಒಂದು ಸಂಗತಿಯು ನನ್ನ ಮನಸ್ಸಿನಲ್ಲಿ ನಿಂತಿದೆ. ಮೊದಲನೆಯ ದಿವಸ ಟೇಪಿನ ಯಂತ್ರವು ತುಸು ನಿಧಾನವಾಗಿ ಓಡಿದ್ದರಿಂದ, ತಟ್ಟೆಯ ಮೊದಲ ಪಕ್ಕದ ಮೂರು ಕೃತಿಗಳು ಇರಬೇಕಾದ ಶ್ರುತಿಗಿಂತ ತುಸು ಮೇಲೆ ಕೇಳಿಸುತ್ತಿದ್ದವಂತೆ. 1992ರಲ್ಲಿ ಇನ್ನೊಂದು ಟೇಪಿನಿಂದ ಅದನ್ನು ಸರಿಪಡಿಸಿದರು. ಅಲ್ಲಿಯವರೆಗೆ ಮೂವತ್ತಮೂರು ವರ್ಷ ಲೋಕವೆಲ್ಲ ತಪ್ಪಾದ ಶ್ರುತಿಯಲ್ಲಿಯೇ ಅದನ್ನು ಕೇಳಿ ಆನಂದಪಟ್ಟಿತು. ಎಷ್ಟು ಬೆಲೆಯ ಹೆಡ್‌ಫೋನಾದರೂ ಈ ತಪ್ಪನ್ನು ತಾನಾಗಿ ಹೇಳುತ್ತಿರಲಿಲ್ಲ. ಯಂತ್ರವು ತನಗೆ ಕೊಟ್ಟದ್ದನ್ನು ನಿಷ್ಠೆಯಿಂದ ಒಪ್ಪಿಸುತ್ತದೆ, ಅಷ್ಟೇ.

ಎಚ್‌ಡಿ 600ರಲ್ಲಿ ನಾನು ಮೊದಲು ಕೇಳಿದ್ದು 'ಎ ಮೀಟಿಂಗ್ ಬೈ ದ ರಿವರ್' ಎಂಬುದನ್ನು. ಜಯಪುರದ ವಿಶ್ವಮೋಹನ ಭಟ್ಟರ ಮೋಹನವೀಣೆ, ಅಮೆರಿಕದ ರೈ ಕೂಡರ್ ಅವರ ಗಿಟಾರ್. 1992ರಲ್ಲಿ ಕ್ಯಾಲಿಫೋರ್ನಿಯದ ಸಾಂತಾ ಬಾರ್ಬರಾ ಊರಿನ ಒಂದು ಪ್ರಾರ್ಥನಾಮಂದಿರದಲ್ಲಿ ಇಬ್ಬರೂ ಕುಳಿತು ನುಡಿಸಿದರು. ಅದಕ್ಕೆ ಮೊದಲು ಅವರು ಕೂಡಿ ನುಡಿಸಿದವರೇ ಅಲ್ಲ. ತಂತಿಯ ಮೇಲೆ ಉಕ್ಕಿನ ಕಡ್ಡಿಯು ಜಾರುವ ಸಪ್ಪಳ, ಮೀಟಿದ ನಾದವು ಹೋಗಿ ಆ ಮಂದಿರದ ಗೋಡೆಯನ್ನು ಮುಟ್ಟಿ ಹಿಂದಿರುಗುವ ಬಗೆ, ಒಬ್ಬರು ಇನ್ನೊಬ್ಬರಿಗಾಗಿ ಕಾದು ಕುಳಿತ ಮೌನ, ಎಲ್ಲವೂ ಕಿವಿಗೆ ಬಿದ್ದವು. ಕಣ್ಣು ಮುಚ್ಚಿದರೆ ನಾನೂ ಆ ಮಂದಿರದ ಒಂದು ಮೂಲೆಯಲ್ಲಿ ಚಾಪೆ ಹಾಕಿ ಕುಳಿತಂತೆಯೇ ಇದ್ದಿತು.

ಆದರೆ ನಮ್ಮ ಧಾರವಾಡದವನಿಗೆ ಕೊನೆಗೆ ಬೇಕಾದದ್ದು ಮಲ್ಲಿಕಾರ್ಜುನ ಮನಸೂರರೇ. ಅವರನ್ನು ನಾನು ತರುಣನಾಗಿದ್ದಾಗ ಎದುರಿಗೆ ಕುಳಿತು ಕೇಳಿದ್ದೇನೆ. ಆದರೆ ಹತ್ತನೆಯ ಸಾಲಿನಲ್ಲಿ, ಮುಂದಿನವರ ರುಮಾಲಿನ ಮರೆಯಲ್ಲಿ. ಅವರು ತೀರಿಕೊಂಡದ್ದು 1992ರಲ್ಲಿ. ಈಗ ಹೆಡ್‌ಫೋನಿನಲ್ಲಿ ಅವರು ಹಾಡುವಾಗ, ಒಂದು ದೀರ್ಘವಾದ ತಾನವನ್ನು ಮುಗಿಸಿ ಮುಂದಿನದಕ್ಕೆ ಅವರು ಉಸಿರನ್ನು ಎಳೆದುಕೊಳ್ಳುವುದು ಕೇಳಿಸುತ್ತದೆ. ತಾನವು ಕೇಳಿಸುವುದು ದೊಡ್ಡದಲ್ಲ. ಅದು ಸಭೆಯಲ್ಲಿ ಎಲ್ಲರಿಗೂ ಕೇಳಿಸಿದ್ದೇ. ಉಸಿರು ಕೇಳಿಸುವುದೆಂದರೆ ಅವರ ತಂಬೂರಿಯ ಪಕ್ಕದಲ್ಲಿ ಕುಳಿತಂತೆ. ಇಷ್ಟು ಹತ್ತಿರಕ್ಕೆ ಅವರ ಶಿಷ್ಯರನ್ನುಳಿದು ಯಾರಿಗೆ ಪ್ರವೇಶವಿದ್ದಿತು? ಈ ಒಂದು ಉಸಿರಿಗಾಗಿ ನಾನು ಎಷ್ಟೋ ರಾತ್ರಿಗಳನ್ನು ನಿದ್ದೆಯಿಲ್ಲದೆ ಕಳೆದಿದ್ದೇನೆ.

ಈ ಸುಖದ ನಡುವೆ ಮನೆಯಲ್ಲಿ ಒಂದು ಬದಲಾವಣೆಯು ಆಗಿದ್ದಿತು; ಅದು ನನ್ನ ಗಮನಕ್ಕೆ ಬರಲಿಲ್ಲ. ಮೊದಲು ಸಂಜೆ ನಾನು ಹಜಾರದಲ್ಲಿ ಹಾಡು ಹಾಕಿದರೆ ಅದು ಮನೆಯಲ್ಲೆಲ್ಲ ತಿರುಗಾಡುತ್ತಿದ್ದಿತು. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಡತಿಯು ಸ್ವರವನ್ನು ಹಿಡಿದು ತಾನೂ ಗುಣುಗುತ್ತಿದ್ದಳು. ಪಕ್ಕದ ಕೋಣೆಯಲ್ಲಿ ನನ್ನ ತಾಯಿಯು ಮಂಚದ ಮೇಲೆ ಕುಳಿತು ಬತ್ತಿ ಹೊಸೆಯುತ್ತ ತಲೆದೂಗುತ್ತಿದ್ದಳು. ಆಕೆಗೆ ಈಗ ಎಂಬತ್ತೆಂಟು ವರ್ಷ. ಹೆಡ್‌ಫೋನ್ ಬಂದ ಮೇಲೆ ಹಾಡು ನನ್ನ ಎರಡು ಕಿವಿಗಳ ನಡುವೆ ವಾಸಮಾಡತೊಡಗಿತು. ಅಡಿಗೆಮನೆಯ ಗುಣುಗುವಿಕೆಯೂ ನಿಂತಿತು. ಒಂದು ಸಂಜೆ ತಾಯಿಯು ಬಾಗಿಲಿಗೆ ಬಂದು ನಿಂತು ಕೇಳಿದಳು: "ಯಾಕೋ ತಮ್ಮಾ, ಮನ್ಯಾಗ ಹಾಡ ನಿಂತ ಹೋತಲ್ಲಾ?"

ನಾನು ಒಂದು ಕಿವಿಯನ್ನು ತೆರೆದು, "ನಿಂತಿಲ್ಲವ್ವಾ, ನಾ ಕೇಳಾಕತ್ತೀನಿ" ಎಂದೆನು.

"ಹಂಗೇನು" ಎಂದು ಆಕೆ ತಿರುಗಿ ಹೋದಳು. ನಾನು ಕಿವಿಯನ್ನು ಮತ್ತೆ ಮುಚ್ಚಿಕೊಂಡೆನು.

ಕಳೆದ ವರ್ಷ ಮಾಗಿಯ ಒಂದು ರಾತ್ರಿ. ಹನ್ನೊಂದು ಗಂಟೆ ಆಗಿರಬಹುದು. ಹೆಂಡತಿಯ ನಿದ್ದೆ ಕೆಡಬಾರದೆಂದು ತೆರೆದ ಹೆಡ್‌ಫೋನುಗಳನ್ನು ಬಿಟ್ಟು ಮಗನು ಕೊಟ್ಟ ಮುಚ್ಚಿದ್ದನ್ನೇ ಧರಿಸಿದ್ದೆನು. ನನ್ನ ಮಟ್ಟಿಗೆ ಅದು ದಾಕ್ಷಿಣ್ಯದ ಕೆಲಸ. ಮನಸೂರರ ಹಾಡು ನಡೆದಿದ್ದಿತು. ವಿಲಂಬಿತವು ಮುಗಿದು ದ್ರುತಕ್ಕೆ ಬರುವ ಹೊತ್ತಿಗೆ ಹೆಂಡತಿಯು ಬಂದು ನನ್ನ ಭುಜವನ್ನು ಹಿಡಿದು ಅಲುಗಿಸಿದಳು. ಆಕೆಯ ಮುಖವನ್ನು ನೋಡಿ ನಾನು ಎದ್ದು ನಿಂತೆನು. ತಾಯಿಯು ತನ್ನ ಕೋಣೆಯ ಹೊಸ್ತಿಲಿನ ಬಳಿ ನೆಲದ ಮೇಲೆ ಕುಳಿತಿದ್ದಳು. ನೀರಡಿಸಿ ನನ್ನನ್ನು ಕರೆದಿದ್ದಾಳೆ. ಉತ್ತರವು ಬಾರದಿರಲು ತಾನೇ ಎದ್ದು ಕತ್ತಲೆಯಲ್ಲಿ ಬರುತ್ತ ಎಡವಿ ಬಿದ್ದಿದ್ದಾಳೆ. ಬಲಗೈಯ ಮಣಿಕಟ್ಟು ಆಗಲೇ ಬಾತುಹೋಗಿದ್ದಿತು.

"ಮೂರ ಸಲ ಕರದೆ ತಮ್ಮಾ. ಮಲಗಿರಬೇಕಂತ ತಿಳದೆ" ಎಂದಳು. ಅದರಲ್ಲಿ ದೂರು ಇರಲಿಲ್ಲ. ಮಗನ ನಿದ್ದೆಯನ್ನು ಕೆಡಿಸಬಾರದೆಂದು ನಾಲ್ಕನೆಯ ಸಲ ಕರೆಯದೆ ಆಕೆ ಎದ್ದಿದ್ದಳು.

ಡಾಕ್ಟರರು ಎಲುಬು ಸೀಳಿದೆಯೆಂದು ಹೇಳಿ ಆರು ವಾರದ ಕಟ್ಟು ಹಾಕಿದರು. ಆ ರಾತ್ರಿ ಮನೆಗೆ ಬಂದು ನೋಡುತ್ತೇನೆ, ಕುರ್ಚಿಯ ಮೇಲೆ ಬಿದ್ದಿದ್ದ ಹೆಡ್‌ಫೋನಿನಲ್ಲಿ ಹಾಡು ಇನ್ನೂ ನಡೆದೇ ಇದ್ದಿತು. ತೀರಿಹೋಗಿ ಮೂವತ್ತು ವರ್ಷಗಳಾದ ಗಾಯಕರ ಉಸಿರು ನನಗೆ ಕೇಳಿಸಿದ್ದಿತು. ಪಕ್ಕದ ಕೋಣೆಯಲ್ಲಿ ಹೆತ್ತ ತಾಯಿಯು ಮೂರು ಸಲ ಕರೆದದ್ದು ಕೇಳಿಸಿರಲಿಲ್ಲ. ಯಂತ್ರದ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಹೊರಗಿನ ಸದ್ದನ್ನು ತಡೆಯುವುದೇ ಅದರ ಕೆಲಸ. ಅದು ತನ್ನ ಕೆಲಸವನ್ನು ಚೆನ್ನಾಗಿ ಮಾಡಿದ್ದಿತು. ಮೂರನ್ನೂ ಕಪಾಟಿನಲ್ಲಿಟ್ಟು ಕೀಲಿ ಹಾಕಿದೆನು.

ಹತ್ತು ಹನ್ನೆರಡು ದಿವಸಗಳಾದ ಮೇಲೆ ತಾಯಿಯೇ ಕೇಳಿದಳು: "ಆ ರಾತ್ರಿ ಅದೇನ ಕೇಳಾಕತ್ತಿದ್ದಿ? ನನಗೂ ಒಂದೀಟ ಕೇಳಸು."

ನನಗೆ ನಾಚಿಕೆಯಾಯಿತು; ಆದರೂ ಎಚ್‌ಡಿ 600ನ್ನು ತೆಗೆದೆನು. ಮೆತ್ತೆಯು ಮೃದು, ಭಾರವೂ ಹೆಚ್ಚಲ್ಲ. ಆಕೆಯ ನೆರೆತ ತಲೆಯ ಮೇಲೆ ಅದನ್ನು ಇಡುವಾಗ ಕಿವಿಯ ಓಲೆಗಳಿಗೆ ತಗಲಿತು. ಓಲೆಗಳನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. ಏನು ಹಾಕಲೆಂದು ಕೇಳಲಿಲ್ಲ, ನನಗೆ ಗೊತ್ತಿದ್ದಿತು. ಆಕೆಯ ತವರುಮನೆ ಹುಬ್ಬಳ್ಳಿ. ನನ್ನ ಅಜ್ಜನ ಬಳಿ ಒಂದು ಗ್ರಾಮೊಫೋನ್ ಇದ್ದಿತು. ಕೀಲಿ ಕೊಟ್ಟು, ಮುಳ್ಳನ್ನು ಬದಲಿಸಿ, ತಟ್ಟೆಯನ್ನು ಇಟ್ಟರೆ ಓಣಿಯ ಮಕ್ಕಳೆಲ್ಲ ಕಟ್ಟೆಯ ಮೇಲೆ ಸೇರುತ್ತಿದ್ದರೆಂದು ಆಕೆ ಅನೇಕ ಸಲ ಹೇಳಿದ್ದಳು. ತಟ್ಟೆಯ ಒಂದು ಪಕ್ಕವು ಓಡುತ್ತಿದ್ದುದು ಮೂರು ಮಿನಿಟು. ಅಷ್ಟರಲ್ಲಿ ರಾಗವು ಹುಟ್ಟಿ ಬೆಳೆದು ಮುಗಿಯಬೇಕು. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಕೊಟ್ಟ ತಟ್ಟೆಗಳು ಅವುಗಳಲ್ಲಿ ಇದ್ದವು. ಮುಂದೆ ಲೋಕವು ಬಲ್ಲ ಆ ಗಂಡುದನಿಯ ಗಾಂಭೀರ್ಯವು ಅವರಿಗೆ ಗಂಟಲಿನ ಚಿಕಿತ್ಸೆಯ ತರುವಾಯ ಬಂದದ್ದು. ಆ ಹಳೆಯ ತಟ್ಟೆಗಳಲ್ಲಿ ಇರುವುದು ತೆಳುವಾದ, ಎತ್ತರದ, ಹುಡುಗಿಯ ದನಿ. ಅವುಗಳಲ್ಲಿ ಒಂದನ್ನು ಹಾಕಿದೆನು.

ನನ್ನ ಕಿವಿಗೆ ಆ ಹಳೆಯ ಮುದ್ರಣವು ಹೆಡ್‌ಫೋನಿನಲ್ಲಿ ಎಂದೂ ಹಿತವಾಗಿರಲಿಲ್ಲ. ಯಂತ್ರವು ಒಳ್ಳೆಯದಾದಷ್ಟೂ ಮುಳ್ಳು ಉಜ್ಜುವ ಚರಚರ ಸದ್ದು ಹೆಚ್ಚಾಗಿ ಮುಂದಕ್ಕೆ ಬರುತ್ತದೆ. "ಉಜ್ಜೋ ಸಪ್ಪಳ ಭಾಳ ಕೇಳಸತೈತೇನವ್ವಾ?" ಎಂದು ಗಟ್ಟಿಯಾಗಿ ಕೇಳಿದೆನು.

"ಸಪ್ಪಳ ಎಲ್ಲೈತೋ? ಹಾಡ ಐತಿ" ಎಂದಳು.

ಭೌತಶಾಸ್ತ್ರದ ಮಾಸ್ತರನಾದ ನನಗೆ ಕಾರಣವು ಕೂಡಲೇ ಹೊಳೆಯಿತು. ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ಮೇಲಿನ ಕಂಪನಗಳನ್ನು. ಚರಚರ ಸದ್ದಿನ ಹೆಚ್ಚು ಪಾಲು ಇರುವುದು ಅಲ್ಲಿಯೇ. ಹಾಡಿನ ಮೂಲಸ್ವರಗಳು ಅದಕ್ಕಿಂತ ಎಷ್ಟೋ ಕೆಳಗೆ ಇರುತ್ತವೆ. ಆಕೆಯ ಕಿವಿಯಿಂದ ವೃದ್ಧಾಪ್ಯವು ಸದ್ದನ್ನು ಒಯ್ದು ಹಾಡನ್ನು ಉಳಿಸಿದ್ದಿತು. ನಾನು ಮೂರು ಯಂತ್ರಗಳನ್ನು ಕೊಂಡರೂ ನನಗೆ ದೊರೆಯದಿದ್ದ ಶುದ್ಧವಾದ ಹಾಡು ಆಕೆಗೆ ದೊರೆಯಿತು. ಆ ಮೂರು ಮಿನಿಟು ಆಕೆಯ ಮುಖವನ್ನು ನೋಡುತ್ತ ಕುಳಿತೆನು. ಕಟ್ಟು ಹಾಕಿದ ಕೈಯು ಮಡಿಲಲ್ಲಿ ಇದ್ದಿತು. ಎಡಗೈಯು ಮಂಚದ ಅಂಚಿನ ಮೇಲೆ ತಾಳವನ್ನು ಹಾಕುತ್ತಿದ್ದಿತು.

ಹಾಡು ಮುಗಿಯಿತು. ಆಕೆ ತಾನೇ ಹೆಡ್‌ಫೋನನ್ನು ತೆಗೆದು ನನ್ನ ಕೈಗೆ ಕೊಟ್ಟು, "ಛಲೋ ಐತಿ. ಬಾಜೂಕ ಕುಂತ ಹಾಡಿದಂಗಾತು. ಆದ್ರ ತಮ್ಮಾ, ವ್ಹಾ ಅಂತ ಅನ್ನಬೇಕಂದ್ರ ಬಾಜೂಕ ಯಾರೂ ಇಲ್ಲಲ್ಲಾ" ಎಂದಳು.

ವಾಚಕರೇ, ಆ ಒಂದು ಮಾತಿನಲ್ಲಿ ಆಕೆ ಹೇಳಿದ್ದನ್ನು ನಾನು ಇಷ್ಟು ವರ್ಷ ಕೇಳಿಯೂ ಅರಿತಿರಲಿಲ್ಲ. ಹೆಡ್‌ಫೋನು ಗಾಯಕರನ್ನು ನಮ್ಮ ಬಳಿಗೆ ತರುತ್ತದೆ. ಜೊತೆಯಲ್ಲಿ ಕೇಳುವವರನ್ನು ದೂರ ಮಾಡುತ್ತದೆ. ಹತ್ತನೆಯ ಸಾಲಿನಲ್ಲಿ ಕುಳಿತು ಕೇಳಿದ ದಿವಸ ನನಗೆ ಮನಸೂರರ ಉಸಿರು ಕೇಳಿಸಿರಲಿಲ್ಲ, ನಿಜ. ಆದರೆ ಸಮಕ್ಕೆ ಬಂದಾಗ ಮುಂದಿನವರ ರುಮಾಲೂ ನನ್ನ ತಲೆಯೂ ಒಟ್ಟಿಗೆ ತೂಗಿದ್ದವು. ಅದೂ ಹಾಡಿನ ಒಂದು ಭಾಗವೇ. ಅದನ್ನು ಯಾವ ಟೇಪಿನ ಯಂತ್ರವೂ ಮುದ್ರಿಸಿಕೊಂಡಿಲ್ಲ.

ಹಾಗೆಂದು ಹೆಡ್‌ಫೋನುಗಳನ್ನು ನಾನು ಮಾರಿಬಿಡಲಿಲ್ಲ; ಅಷ್ಟು ವೈರಾಗ್ಯವು ನನಗಿಲ್ಲ. ಮನೆಯಲ್ಲಿ ಒಂದು ಕಟ್ಟಳೆಯನ್ನು ಮಾಡಿಕೊಂಡಿದ್ದೇವೆ. ಸಂಜೆ ದೀಪ ಹಚ್ಚಿದ ಮೇಲೆ ಒಂದು ತಾಸು ಹಜಾರದ ಸ್ಪೀಕರುಗಳಲ್ಲಿ ಹಾಡು. ಏನು ಹಾಕಬೇಕೆಂಬುದನ್ನು ಒಂದು ದಿವಸ ತಾಯಿ, ಒಂದು ದಿವಸ ಹೆಂಡತಿ, ಒಂದು ದಿವಸ ನಾನು ಹೇಳುವುದು. ರಾತ್ರಿ ಹೆಡ್‌ಫೋನು ಬೇಕೆನಿಸಿದರೆ ತೆರೆದ ಬೆನ್ನಿನದನ್ನೇ ಧರಿಸುತ್ತೇನೆ, ಕರೆದರೆ ಕೇಳಿಸುವಷ್ಟು ಸಣ್ಣ ದನಿಯಲ್ಲಿ. ಇದರಿಂದ ಕಿವಿಗೂ ಕ್ಷೇಮ. ವಾರಕ್ಕೆ 40 ತಾಸು ಕೇಳುವ ವಯಸ್ಕರಿಗೆ 80 ಡೆಸಿಬೆಲ್‌ನ್ನು ಮೀರದ ದನಿಯೇ ಸುರಕ್ಷಿತವೆಂದು ವಿಶ್ವ ಆರೋಗ್ಯ ಸಂಸ್ಥೆಯವರು 2019ರ ಸೂಚನೆಯಲ್ಲಿ ಹೇಳಿದ್ದಾರೆ, ಮಕ್ಕಳಿಗೆ 75. ದನಿಯು ಮೂರು ಡೆಸಿಬೆಲ್ ಏರಿದರೆ ಕೇಳಬಹುದಾದ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಮನೆಯಲ್ಲಿ ಹುಡುಗರಿದ್ದವರು ಈ ಲೆಕ್ಕವನ್ನು ಮನಸ್ಸಿನಲ್ಲಿಡುವುದು ಒಳ್ಳೆಯದು. ಇನ್ನೂ ಸುಲಭವಾದ ಅಳತೆ ನನ್ನ ಬಳಿ ಇದೆ: ಪಕ್ಕದ ಕೋಣೆಯಿಂದ "ತಮ್ಮಾ" ಎಂದರೆ ಕೇಳಿಸಬೇಕು.

ತಾಯಿಯ ಹಾಸಿಗೆಯ ಬಳಿ ಒಂದು ಹಿತ್ತಾಳೆಯ ಗಂಟೆಯನ್ನೂ ಇಟ್ಟಿದ್ದೇವೆ. ಕೈಯು ಈಗ ಕೂಡಿಕೊಂಡಿದೆ. ಬತ್ತಿ ಹೊಸೆಯುವುದು ಮತ್ತೆ ನಡೆದಿದೆ. ನಿನ್ನೆಯ ಸಂಜೆ ತಾಯಿಯ ಪಾಳಿ. ಗಂಗೂಬಾಯಿಯವರ ಅದೇ ತಟ್ಟೆಯನ್ನು ಹಾಕೆಂದಳು. ಹಜಾರದಲ್ಲಿ ಉಸಿರೂ ಕೇಳಿಸಲಿಲ್ಲ, ಸೂಕ್ಷ್ಮವೂ ಕೇಳಿಸಲಿಲ್ಲ. ಚರಚರ ಸದ್ದು ಮಾತ್ರ ನನಗೆ ಕೇಳಿಸುತ್ತಲೇ ಇದ್ದಿತು. ತಾನವು ಮೇಲಕ್ಕೆ ಹತ್ತಿ ಸಮಕ್ಕೆ ಇಳಿದಾಗ ಕೋಣೆಯೊಳಗಿನಿಂದ ತಾಯಿಯು "ವ್ಹಾ" ಎಂದಳು. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳವು ಒಂದು ಗಳಿಗೆ ನಿಂತು, ಮತ್ತೆ ತಾಳಕ್ಕೆ ಸರಿಯಾಗಿ ಮೊದಲಾಯಿತು.